ಬಿಸಿಯಾಗಿ ನಿಂತುಬಿಡುತ್ತಿದ್ದ ಕಂಪ್ಯೂಟರ್: ನಾನು ಮಾಡಿದ್ದು

ನಮ್ಮ ಮನೆ ಇರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ. ಕಿಟಕಿ ತೆಗೆದರೆ ಧೂಳಿನ ಜೊತೆ ಮಸಿಯೂ ಒಳಗೆ. ಈ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಹಚ್ಚಿದ ಸ್ವಲ್ಪ ಹೊತ್ತಿಗೇ ಫ್ಯಾನ್ ಜೋರಾಗಿ ಕೂಗಿ, ಸ್ಕ್ರೀನ್ ಹಾಗೇ ನಿಂತುಬಿಡುತ್ತಿತ್ತು. ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಅಂಗಡಿಯವರು ವಿಂಡೋಸ್ ಮತ್ತೆ ಹಾಕಿಸಿ ಎಂದರು. ನನಗೆ ಅನುಮಾನ. ಬೆಳಿಗ್ಗೆ ತಂಪಿನಲ್ಲಿ ಸರಿಯಿದ್ದು ಮಧ್ಯಾಹ್ನ ಮಾತ್ರ ಕೆಟ್ಟರೆ ಅದು ಸಾಫ್ಟ್‌ವೇರ್ ಕಾಟ ಇರಲಿಕ್ಕಿಲ್ಲ, ಅಲ್ವಾ?

ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆಗೆ, ಹೋಗಿ ನೋಡಿದೆ. ಸುಮ್ನೆ ಇದ್ದಾಗಲೇ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) 80 ಡಿಗ್ರಿ ದಾಟಿತ್ತು. 40-50 ಇದ್ದರೆ ಚಿಂತೆಯಿಲ್ಲ. 100ರ ಆಸುಪಾಸಿಗೆ ಹೋದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಪ್ಲಗ್ ಕಿತ್ತು ಪಕ್ಕದ ಮುಚ್ಚಳ ಬಿಚ್ಚಿದೆ. ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೊರಹಾಕುವ ಲೋಹದ ತುಂಡು, ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು, ಮಸಿ ಸೇರಿ ಪದರವೇ ಕಟ್ಟಿತ್ತು. ಗಾಳಿ ಹೋಗಲು ಜಾಗವೇ ಇಲ್ಲ. ಒದ್ದೆಯಿಲ್ಲದ ಪೇಂಟ್ ಬ್ರಷ್, ಬ್ಲೋವರ್ ಸಾಕಾಯಿತು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತರೂ ಒಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳು ಶಾಕ್ ಹೊಡೆಯಬಲ್ಲವು.

ಇಷ್ಟಾದರೂ 65ಕ್ಕಿಂತ ಕೆಳಗಿಳಿಯಲಿಲ್ಲ. ಹೀಟ್‌ಸಿಂಕ್ ಎತ್ತಿದರೆ, ಪ್ರೊಸೆಸರಿನ ಬಿಸಿ ಅದಕ್ಕೆ ದಾಟಲೆಂದು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು! ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿದೆ. ಜಾಸ್ತಿ ಬಳಿದರೆ ಜಾಸ್ತಿ ತಂಪು ಅಂತೇನಿಲ್ಲ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು.

ಈಗ 45ರ ಹತ್ತಿರ ನಿಂತಿದೆ. ಸಿಪಿಯು ಡಬ್ಬಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಟ್ಟಿದ್ದೇನೆ. ವಿಂಡೋಸ್ ಹಳೆಯದೇ.