‘ರನ್’ ಕಲಿಸುವಾಗ ನಾನು ಕೇಳುವ ಪ್ರಶ್ನೆ

ಕಾರವಾರದ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು, ‘ರನ್ ಎಂದರೆ ಓಡು’ ಎಂದು ಬರೆಸಿ ಮುಂದೆ ಹೋಗುವುದಿಲ್ಲ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು. ಇಷ್ಟನ್ನು ಬಾಯಿಪಾಠ ಮಾಡಿಸಲಾಗದು. ಆದ್ದರಿಂದ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ‘ರನ್’ ಯಾವುದರ ಜೊತೆಗಿದೆ?

ಕಾಳಿ ನದಿಯಾದರೆ ಹರಿಯುತ್ತದೆ. ಅಂಕೋಲೆಯ ಬಸ್ಸಾದರೆ ಓಡುತ್ತದೆ. ಮೂಗಾದರೆ ಸೋರುತ್ತದೆ, ಹೊಸ ಬಟ್ಟೆಯ ಬಣ್ಣವಾದರೆ ಬಿಡುತ್ತದೆ, ಹೆದ್ದಾರಿಯಾದರೆ ಕಡಲಗುಂಟ ಸಾಗುತ್ತದೆ. ಅಂಗಡಿಯಾದರೆ ಯಾರೋ ಅದನ್ನು ನಡೆಸುತ್ತಿರುತ್ತಾರೆ. ಮಕ್ಕಳು ಎದುರಿಗೆ ಕನ್ನಡದ ಕ್ರಿಯಾಪದ ಬರೆಯುತ್ತಾರೆ. ಮನೆಯಲ್ಲಿ ಕೊಂಕಣಿ ಆಡುವವರು ಮೊದಲು ಕೊಂಕಣಿಯದನ್ನೇ ಬರೆಯಲಿ ಎನ್ನುತ್ತೇನೆ. ಬಳಿಕ ದಿಕ್ಕು ಬದಲಿಸುತ್ತೇವೆ. ಸಿನಿಮಾ ನೂರು ದಿನ ಓಡಿತು ಎನ್ನಲು ಇಂಗ್ಲಿಷಿನಲ್ಲೂ ‘ರ್‍ಯಾನ್’ ಸಾಕು. ‘ತಲೆ ಓಡುತ್ತಿಲ್ಲ’ ಎಂಬುದಕ್ಕೆ ಅದು ಒಗ್ಗುವುದಿಲ್ಲ.

ನಾನು ಹೆಚ್ಚು ಹೊತ್ತು ನಿಲ್ಲುವುದು ‘ರನ್ ಔಟ್’ ಬಳಿ. ಕ್ರಿಕೆಟ್ಟಿನ ರನ್ ಔಟ್ ಎಲ್ಲರಿಗೂ ಗೊತ್ತು. ಆದರೆ ‘ದಿ ಬೋಟ್ ರ್‍ಯಾನ್ ಔಟ್ ಆಫ್ ಐಸ್’ ಎಂದು ಬರೆದರೆ ತರಗತಿ ಸುಮ್ಮನಾಗುತ್ತದೆ. ಬೋಟಿನಲ್ಲಿ ಐಸ್ ಮುಗಿಯಿತು ಎಂದಾಕ್ಷಣ ಮೀನುಗಾರಿಕೆ ಬಂದರಿರುವ ಬೈತಖೋಲದ ಮಕ್ಕಳೇ ಉಳಿದವರಿಗೆ ವಿವರಿಸುತ್ತಾರೆ: ಹಿಡಿದ ಬಂಗಡೆ ಕೆಡುವ ಮೊದಲು ದಡ ಸೇರಬೇಕು. ಅರ್ಥ ತಿಳಿದರೂ ವಾಕ್ಯ ಕಟ್ಟುವುದು ಸುಲಭವಲ್ಲ. ಕನ್ನಡದಲ್ಲಿ ಮುಗಿಯುವುದು ಐಸ್, ಬೋಟಲ್ಲ. ಇಂಗ್ಲಿಷಿನಲ್ಲಿ ಎರಡನ್ನೂ ಕರ್ತೃವಾಗಿಸಬಹುದು. ಮುಗಿದ ವಸ್ತು ಮೊದಲು ಬಂದರೆ ‘ಆಫ್’ ಬೇಡ: ‘ದಿ ಐಸ್ ರ್‍ಯಾನ್ ಔಟ್’. ಕೊರತೆ ಅನುಭವಿಸಿದವರು ಮೊದಲು ಬಂದು, ಮುಗಿದ ವಸ್ತುವನ್ನೂ ಹೇಳುವುದಾದರೆ ‘ಆಫ್’ ಬೇಕೇ ಬೇಕು. ಡೀಸೆಲ್, ಅಕ್ಕಿ, ಸೀಮೆಸುಣ್ಣ, ಸಮಯ ಎಂದು ಒಂದೊಂದನ್ನೂ ಎರಡು ಬಗೆಯಲ್ಲಿ ಹೇಳಿಸುತ್ತೇನೆ. ನಿಯಮ ಬರೆಸುವುದಕ್ಕಿಂತ ಈ ಅದಲುಬದಲಿನಿಂದಲೇ ಮಕ್ಕಳು ಬೇಗ ಹಿಡಿಯುತ್ತಾರೆ.

‘ರನ್ ಅಗ್ರೌಂಡ್’ ಪರೀಕ್ಷೆಯಲ್ಲಿ ಬರುವ ಸಂಭವ ಕಡಿಮೆ. ಆದರೂ ಕಲಿಸುತ್ತೇನೆ. ಅಳಿವೆಯ ಮರಳಿನಲ್ಲಿ ಬೋಟು ಸಿಕ್ಕಿಕೊಂಡ ಸುದ್ದಿಯನ್ನು ಈ ಮಕ್ಕಳು ಇಂಗ್ಲಿಷ್ ಪತ್ರಿಕೆಯಲ್ಲೂ ಓದಿ ತಿಳಿಯಬೇಕು.