ಲಿಕ್ವಿಡ್ ನೈಟ್ರೋಜನ್ ಇಲ್ಲದೆ ಕಾಂಡ್ಲದ ಎಲೆಯಿಂದ ಆರ್‌ಎನ್‌ಎ

'ಕಾರವಾರದಲ್ಲಿ ಕೂತು ಅದೆಲ್ಲ ಆಗೋ ಮಾತಲ್ಲ, ಎಲೆ ಬೆಂಗಳೂರಿಗೆ ಕಳಿಸು' ಎಂದವರೇ ಜಾಸ್ತಿ. ಕಾಳಿ ಅಳಿವೆಯ ಕಾಂಡ್ಲದ (ಮ್ಯಾಂಗ್ರೋವ್) ಎಲೆಯಿಂದ ಇಲ್ಲೇ ಆರ್‌ಎನ್‌ಎ ತೆಗೆದೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದು ಅದೇ. ಜೆಲ್ ಫೋಟೋ ಅವರಿಗೆಲ್ಲ ಕಳಿಸಿಯಾಯಿತು. ಎರಡು ಗೆರೆ, ಚೊಕ್ಕ, ಅಂದರೆ ಆರ್‌ಎನ್‌ಎ ಮುರಿದಿಲ್ಲ.

ನನಗೆ ಬೇಕಿದ್ದದ್ದು ಉಪ್ಪಿಗೆ ಎಸ್‌ಒಎಸ್1 ಎಂಬ ಜೀನ್ ಎಷ್ಟು ಏಳುತ್ತದೆ ಎಂಬ ಲೆಕ್ಕ. ಉಪ್ಪು ಏರಿದರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಸುದ್ದಿ ಎಸ್‌ಒಎಸ್3, ಎಸ್‌ಒಎಸ್2 ಎಂಬ ಪ್ರೋಟೀನ್‌ಗಳನ್ನು ದಾಟಿ ಸೋಡಿಯಂ ಹೊರದಬ್ಬುವ ಎಸ್‌ಒಎಸ್1ಕ್ಕೆ ಮುಟ್ಟುತ್ತದೆ. ಮೇ ತಿಂಗಳಲ್ಲಿ ಅಳಿವೆ ನೀರು ಬಾಯಿಗಿಡಲಾಗದಷ್ಟು ಉಪ್ಪು, ಜುಲೈನಲ್ಲಿ ಸಪ್ಪೆ. ಅರ್ಧ ಪ್ರಯೋಗ ಮಳೆಯೇ ಮಾಡಿಕೊಡುತ್ತದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ಲೆಕ್ಕ ತಪ್ಪುತ್ತದೆ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಜೇಬಲ್ಲೇ ಇರಲಿ.

ಮೊದಲು ದುಡ್ಡು ಹೋದದ್ದು ಆರ್‌ಎನ್‌ಎ ತೆಗೆಯುವ ಸಿದ್ಧ ಕಿಟ್‌ಗೆ. ಐವತ್ತು ಕಾಲಮ್‌ಗೆ (ಸೋಸುವ ಪುಟ್ಟ ಕೊಳವೆ) ಇಪ್ಪತ್ತೈದು ಸಾವಿರದ ಹತ್ತಿರ. ಕಾಂಡ್ಲದಲ್ಲಿ ಟ್ಯಾನಿನ್ ಎಷ್ಟೆಂದರೆ ಹಿಂದೆ ಇದರ ತೊಗಟೆ ಕುದಿಸಿ ಬಲೆಗೆ ಬಣ್ಣ ಹಾಕುತ್ತಿದ್ದರು. ಕಾಲಮ್ ಕಟ್ಟಿಕೊಂಡಿತು, ಬಂದದ್ದು ಕಂದು ನೀರು. ಆರ್‌ಎನ್‌ಎ ಬೇರ್ಪಡಿಸುವ ಟ್ರೈಜಾಲ್ ದ್ರಾವಣದಲ್ಲಿ ತಳಕ್ಕೆ ಕೂತದ್ದು ರಾತ್ರಿ ಉಳಿದ ಗಂಜಿಯಂತೆ ಲೋಳೆ ಲೋಳೆ. ಶುದ್ಧತೆ ಹೇಳುವ 260/230 ಅನುಪಾತ ಅರ್ಧ ದಾಟಲಿಲ್ಲ, ಅಂದರೆ ಕಸವೇ ಜಾಸ್ತಿ. ಕಿತ್ತ ಎಲೆಯನ್ನು ಕೂಡಲೇ ಹೆಪ್ಪುಗಟ್ಟಿಸಲು ಹುಬ್ಬಳ್ಳಿಯಿಂದ ಲಿಕ್ವಿಡ್ ನೈಟ್ರೋಜನ್ ತರಿಸಿದೆ. ಅದನ್ನು ತುಂಬುವ ಡಿವಾರ್ ಫ್ಲಾಸ್ಕ್ ಹಳೆಯದು, ಅರಬೈಲ್ ಘಾಟಿ ಇಳಿದು ಬರುವಷ್ಟರಲ್ಲಿ ತಳ ಕಾಣುತ್ತಿತ್ತು. ಗಾಡಿ ಬಾಡಿಗೆಯೇ ಆರೇಳು ಸಾವಿರ.

ಕೊನೆಗೆ ಹಿಡಿದದ್ದು ಅಮೋನಿಯಂ ಸಲ್ಫೇಟ್ ದಾರಿ, ಹೆಪ್ಪುಗಟ್ಟಿಸದೆಯೇ ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣ. ಲೀಟರಿಗೆ ಸುಮಾರು 700 ಗ್ರಾಂ, ಸ್ವಲ್ಪ ಸಿಟ್ರೇಟ್, ಇಡಿಟಿಎ, ಪಿಎಚ್ 5.2. ಸಾವಿರ ರೂಪಾಯಿಯೊಳಗೆ ಲೀಟರುಗಟ್ಟಲೆ ಆಯಿತು. 'ಈ ದಪ್ಪ ಎಲೆಯೊಳಗೆ ಅದು ಇಳಿಯಲ್ಲ' ಎಂದರು. ಇಡೀ ಎಲೆ ಹಾಕಿದರೆ ಇಳಿಯುವುದಿಲ್ಲ, ನಿಜ. ದೋಣಿಯಲ್ಲೇ ಬಾಟಲಿ ತೆರೆದಿಟ್ಟುಕೊಂಡು, ತುದಿಯಿಂದ ಎರಡನೇ ಜೋಡಿ ಎಲೆ ಕಿತ್ತು, ನಡುನರ ಬಿಟ್ಟು, ಬ್ಲೇಡಿನಿಂದ ಎರಡು ಮಿಲಿಮೀಟರಿನ ಎಳೆ ಮಾಡಿ ದ್ರಾವಣದೊಳಗೇ ಉದುರಿಸುತ್ತೇನೆ. ನಿಮಿಷದೊಳಗೆ ಮುಗಿಯಬೇಕು. ಗಾಯವೂ ಒಂದು ಸಿಗ್ನಲ್ ಅಲ್ವಾ. ತಡಮಾಡಿದರೆ ಗಾಯಕ್ಕೆ ಸ್ಪಂದಿಸುವ ಜಾಸ್ಮೊನೇಟ್ ಜೀನ್‌ಗಳು ಎದ್ದು ಕೂರುತ್ತವೆ, ನೀವು ಅಳೆಯುವುದು ಉಪ್ಪನ್ನಲ್ಲ, ಬ್ಲೇಡನ್ನು. ಯಾವಾಗಲೂ ಒಂದೇ ಹೊತ್ತಿಗೆ ಕೀಳಿ. ಇಳಿತ ಸಿಕ್ಕ ಹೊತ್ತಿಗೆ ಹೋಗುತ್ತೇನೆಂದರೆ ಹೊತ್ತಿಗೆ ತಕ್ಕಂತೆ ಏರಿಳಿಯುವ ಗಿಡದ ಗಡಿಯಾರದ ಜೀನ್‌ಗಳು ಲೆಕ್ಕ ಕೆಡಿಸುತ್ತವೆ.

ಲ್ಯಾಬಿನಲ್ಲಿ ಎಳೆಗಳನ್ನು ಚೆನ್ನಾಗಿ ಒತ್ತಿ ಒರೆಸಿ, 65 ಡಿಗ್ರಿಯ ಸಿಟಿಎಬಿ ಬಫರಿನಲ್ಲೇ (ಕೋಶ ಒಡೆಯುವ ಸೋಪಿನಂಥ ದ್ರಾವಣ) ಅರೆಯುವುದು. ಟ್ಯಾನಿನ್ ಕಾಟ ತಡೆಯಲು ಪಿವಿಪಿ, ಮರ್ಕ್ಯಾಪ್ಟೋಎಥನಾಲ್ ಕೈಬಿಚ್ಚಿ ಹಾಕಿ. ಕಸ ಬೇರ್ಪಡಿಸಲು ಕ್ಲೋರೋಫಾರ್ಮ್ ಎರಡು ಸಲ, ಆರ್‌ಎನ್‌ಎ ತಳಕ್ಕೆ ಕೂರಲು ಲಿಥಿಯಂ ಕ್ಲೋರೈಡ್‌ನಲ್ಲಿ ಇಡೀ ರಾತ್ರಿ, ಆಮೇಲೆ ಉಳಿದ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್. ಬಫರಿಗೆ ಇನ್ನೊಂದು ಪುಡಿ ಬೀಳುತ್ತದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಶುದ್ಧತೆಯ ಇನ್ನೊಂದು ಅನುಪಾತ 260/280 ಎರಡರ ಆಸುಪಾಸು. ಆರ್‌ಟಿ (ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುವ ಕಿಣ್ವ) ಹಾಕದ ಕಂಟ್ರೋಲ್ ಖಾಲಿ, ಅಂದರೆ ಡಿಎನ್‌ಎ ಉಳಿದಿಲ್ಲ.

ಸುಮ್ನೆ ಒಮ್ಮೆ ಗೊಬ್ಬರದಂಗಡಿಯ ಅಮೋನಿಯಂ ಸಲ್ಫೇಟ್‌ನಲ್ಲೂ ಮಾಡಿ ನೋಡಿದೆ. ಎಷ್ಟು ಸೋಸಿದರೂ ಮಣ್ಣು ಬಣ್ಣ, ಆರ್‌ಎನ್‌ಎ ಪುಡಿಪುಡಿ. ಶಿರಸಿಯಿಂದ ತಂದ ಮುರುಗಲು ಎಲೆಗೆ ಇದೇ ವಿಧಾನ ಅರ್ಧಂಬರ್ಧ ಒಗ್ಗಿದೆ. ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಬೇಕು.

ಜೀನ್‌ನ ಪ್ರಮಾಣ ಅಳೆಯುವ ಕ್ಯುಪಿಸಿಆರ್‌ಗೆ ಹೋಲಿಕೆಯ (ರೆಫರೆನ್ಸ್) ಜೀನ್ ಆಗಿ ಆಕ್ಟಿನ್ ಒಂದನ್ನೇ ನೆಚ್ಚಬೇಡಿ, ಉಪ್ಪು ಬದಲಾದರೆ ಅದೂ ಅಲುಗಾಡುತ್ತದೆ. ನಾನು ಬೇರೆ ಎರಡು ರೆಫರೆನ್ಸ್ ಜೀನ್ ಇಟ್ಟಿದ್ದೇನೆ. ಯಾವುವು ಅಂತ ಪೇಪರ್ ಬಂದ ಮೇಲೆ ನೋಡಿ. ಹತ್ತಾರು ಪ್ರೈಮರ್‌ಗೆ (ಬೇಕಾದ ಜೀನ್ ಹಿಡಿಯುವ ಡಿಎನ್‌ಎ ತುಣುಕು) ದುಡ್ಡು ಸುರಿದವನು ನಾನಲ್ವಾ.