ಮೈನಾ ನಿಧಾನ ಕಲಿತದ್ದು

‘ಸಾಬ್, ಯೇ ನಹೀಂ ಸುಧರೇಗೀ’ (ಇವಳು ಸುಧಾರಿಸುವವಳಲ್ಲ) ಅಂತ ನಮಗೆ ಸವಾರಿ ಕಲಿಸುವ ಉಸ್ತಾದ್ ಮೊದಲ ವಾರವೇ ಷರಾ ಬರೆದುಬಿಟ್ಟಿದ್ದರು. ಮೈನಾ ಬೆಂಗಳೂರಿನ ರೇಸ್‌ನಿಂದ ನಿವೃತ್ತಿಯಾಗಿ ಬಂದ 6 ವರ್ಷದ ಹೆಣ್ಣುಕುದುರೆ. 60 ಸಾವಿರಕ್ಕೋ ಏನೋ ಸಿಕ್ಕಿತು, ಅಗ್ಗ ಅಂದುಕೊಂಡೆ. ಆಮೇಲೆ ಕುದುರೆ ನೋಡಿಕೊಳ್ಳುವ ಸೈಸನ ಸಂಬಳ, ಮೇವು, ಐದಾರು ವಾರಕ್ಕೊಮ್ಮೆ ಲಾಳ ಅಂತ ತಿಂಗಳಿಗೆ 18 ಸಾವಿರ ಹೋಗತೊಡಗಿತು. ಮನೆಯವಳು ಸ್ಕೂಟರ್ ಕೇಳುವುದನ್ನೇ ಬಿಟ್ಟಳು.

2018ರಲ್ಲಿ ನಮ್ಮ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್‌ನಲ್ಲಿ (ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಕುದುರೆ ಸವಾರಿ ಸ್ಪರ್ಧೆ) ಬೆಳ್ಳಿ ಗೆದ್ದ ಮೇಲೆ ಮೆಸ್ಸಿನಲ್ಲಿ ಒಂದೇ ಮಾತು: ಜರ್ಮನ್ ಕುದುರೆ ಇಲ್ಲದೆ ಈವೆಂಟಿಂಗ್ ಇಲ್ಲ. ನನಗೆ ಅದು ಚುಚ್ಚುತ್ತಿತ್ತು.

ಮೈನಾಳ ರೋಗ ಒಂದೇ. ಫೆನ್ಸ್, ಅಂದರೆ ಜಿಗಿಯಬೇಕಾದ ತಡೆ, ಕಂಡರೆ ರೇಸಿನ ಗೇಟ್ ತೆರೆದ ಹಾಗೆ ನುಗ್ಗುವುದು. ಪೆಲ್‌ಹ್ಯಾಮ್ ಎಂಬ ಬಿಗಿ ಕಡಿವಾಣ ಹಾಕಿದೆ, ತಲೆ ಆಕಾಶಕ್ಕೆತ್ತಿದಳು. ತಲೆ ಎತ್ತದಂತೆ ತಡೆಯುವ ಪಟ್ಟಿ, ಮಾರ್ಟಿಂಗೇಲ್ ಬಿಗಿದೆ, ಅದರ ಮೇಲೇ ಭಾರ ಹಾಕಿ ಓಡಿದಳು. ಮೂರನೇ ತಿಂಗಳು 90 ಸೆಂ.ಮೀ. ಆಕ್ಸರ್ (ಅಗಲವಾದ ಜೋಡಿ ತಡೆ) ಮುಂದೆ ಅವಳು ನಿಂತಳು, ನಾನೊಬ್ಬನೇ ದಾಟಿದೆ. ಕಾಲರ್ ಬೋನ್ ಮುರಿಯಿತು, ಮೆಡಿಕಲ್ ಕೆಟಗರಿ, ಅಂದರೆ ದೇಹಕ್ಷಮತೆಯ ದರ್ಜೆ, ಇಳಿಯಿತು.

ದಾರಿ ಸಿಕ್ಕಿದ್ದು ಆಗಲೇ. ಕೈ ಜೋಳಿಗೆಯಲ್ಲಿ, ಹತ್ತುವಂತಿಲ್ಲ. ಸುಮ್ಮನಿರಲಾರದೆ ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ನೆಲದ ಕೋಲುಗಳ ಮೇಲೆ ಅವಳನ್ನು ನಡೆಸಿದೆ. ಎಂಟ್ಹತ್ತು ದಿನಕ್ಕೆ ಕಿವಿ ನನ್ನ ಕಡೆ ತಿರುಗತೊಡಗಿತು. ಒಮ್ಮೆ ಮೂಗಿನಿಂದ ‘ಫುರ್‌ರ್’ ಅಂತ ಉದ್ದಕ್ಕೆ ಉಸಿರು ಬಿಟ್ಟಳು. ಅದುವರೆಗೆ ಉಸಿರು ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದಳು ಅಂತ ಅವತ್ತು ಹೊಳೆಯಿತು.

ಮತ್ತೆ ಹತ್ತಿದ ಮೇಲೂ ನಾಲ್ಕು ತಿಂಗಳು ಜಂಪ್ ಇಲ್ಲ. ಮೃದು ಕಡಿವಾಣ ಸಾದಾ ಸ್ನ್ಯಾಫಲ್, ವಾಕ್ (ನಡಿಗೆ), ಟ್ರಾಟ್ (ಕುಕ್ಕುಲೋಟ), ನಾಲ್ಕೂವರೆ ಅಡಿಗೊಂದು ಕೋಲು. ನುಗ್ಗಿದರೆ ಲಗಾಮು ಎಳೆಯುವುದಿಲ್ಲ, ಆ ‘ಫುರ್‌ರ್’ ಬರುವ ತನಕ ಸುತ್ತು ಹಾಕಿಸುವುದು. ‘ಮದುವೆ ಮೆರವಣಿಗೆಗೆ ತಯಾರಿಯಾ ಸಾರ್?’ ಅಂತ ಜೂನಿಯರ್‌ಗಳೂ ನಗುತ್ತಿದ್ದರು. ಆಮೇಲೆ ಕೊನೆಯ ಕೋಲಿನಿಂದ 9 ಅಡಿಗೆ ಸಣ್ಣ ಕ್ರಾಸ್, ಅಂದರೆ ಎರಡು ಕೋಲು ಅಡ್ಡಡ್ಡ ಇಟ್ಟ ತಡೆ. ಕೊನೆಯ ಕೋಲನ್ನು ಇಡುವುದರಲ್ಲಿ ಒಂದು ಕಿತಾಪತಿ ಇದೆ, ಅದು ಇಲ್ಲಿ ಬೇಡ.

ಮೇವಿನಲ್ಲೂ ಕೈಯಾಡಿಸಿದೆ. ಹುರುಳಿ, ಓಟ್ಸ್ ಅರ್ಧಕ್ಕಿಳಿಸಿ ಒಣಹುಲ್ಲು ಹೆಚ್ಚಿಸಿದ್ದು ಉಪಯೋಗಕ್ಕೆ ಬಂತು. ನಮ್ಮೂರ ಅಭಿಮಾನಕ್ಕೆ ರಾಗಿ ಅಂಬಲಿಯನ್ನೂ ಇಟ್ಟು ನೋಡಿದೆ. ಮೂತಿ ಅದ್ದಿ ಸೈಸನ ಅಂಗಿಗೆ ಒರೆಸಿದಳು, ಅಷ್ಟೆ.

ಬಿದ್ದು ಸುಮಾರು 14 ತಿಂಗಳಿಗೆ 1 ಮೀಟರ್ ಎತ್ತರದ ಜಂಪಿಂಗ್ ಸ್ಪರ್ಧೆಗೆ ಇಳಿಸಿದೆ. ಒಂದು ಕೋಲೂ ಬೀಳಲಿಲ್ಲ. ವೇಳೆ ಮೀರಿದ್ದಕ್ಕೆ ಮಾತ್ರ ಪೆನಾಲ್ಟಿ. ರೇಸಿನ ಕುದುರೆಗೆ ನಿಧಾನ ಅಂತ ದಂಡ! ಆರನೇ ಸ್ಥಾನ. ಹಿಂದೆ ಬಂದವರಲ್ಲಿ ವಿದೇಶಿ ಕುದುರೆಗಳೂ ಎರಡಿದ್ದವು.

ಮರುವಾರ ಬೆಳಿಗ್ಗೆ ಮೈದಾನಕ್ಕೆ ಹೋದರೆ ಉಸ್ತಾದ್ ಟೇಪ್ ಹಿಡಿದು ನನ್ನ ಕೋಲುಗಳ ಅಂತರ ಅಳೆಯುತ್ತಿದ್ದರು. ಕೊನೆಯದನ್ನು ನಾನು ಹಿಂದಿನ ಸಂಜೆಯೇ ಎತ್ತಿಟ್ಟಿದ್ದೆ.